ಅಂತರ್ಜಾಲದಲ್ಲಿ ನಿಮ್ಮ ಕೃತಿ ಕಳುವಾದರೆ: ಸಾಕ್ಷ್ಯದಿಂದ ನೋಟಿಸ್‌ವರೆಗೆ ಸಮಗ್ರ ಮಾರ್ಗದರ್ಶಿ

ನೀವು ತೆಗೆದ ಫೋಟೊ ಯಾರದೋ ಪುಟದಲ್ಲಿ, ಯಾರದೋ ಹೆಸರು ಹೊತ್ತು ಕೂತಿದೆ. ಕಂಡ ಕೂಡಲೇ ಕೈ ಹೋಗುವುದು ಕಾಮೆಂಟ್ ಪೆಟ್ಟಿಗೆಗೆ. ದಯವಿಟ್ಟು ತಡೆಯಿರಿ. ‘ಇದು ನನ್ನ ಫೋಟೊ, ತೆಗೆಯಿರಿ’ ಎಂದು ಬರೆದ ಹತ್ತು ನಿಮಿಷಕ್ಕೆ ಆ ಪೋಸ್ಟ್ ಮಾಯವಾಗಬಹುದು. ಅದು ಯಾವ ದಿನದಿಂದ ಅಲ್ಲಿತ್ತು, ಎಷ್ಟು ಜನ ನೋಡಿದ್ದರು, ಯಾವ ಮಾರಾಟದ ಲಿಂಕ್ ಪಕ್ಕದಲ್ಲಿತ್ತು ಎಂಬ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ. ವಾರ ಕಳೆದು ಬೇರೆ ಖಾತೆಯಲ್ಲಿ ಅದೇ ಫೋಟೊ ಬಂದಾಗ ನಿಮ್ಮ ಕೈಯಲ್ಲಿ ಉಳಿದಿರುವುದು ನೆನಪು ಮಾತ್ರ.

ಕಾಪಿರೈಟ್ ಹುಟ್ಟಲು ಯಾವ ಕಚೇರಿಯ ಮೊಹರೂ ಬೇಕಿಲ್ಲ. 1886ರ ಬರ್ನ್ ಒಪ್ಪಂದಕ್ಕೆ 1908ರಲ್ಲಿ ತಿದ್ದುಪಡಿಯಾದಾಗಿನಿಂದ ಈ ತತ್ವ ನಿಂತಿದೆ. ಇಂದು 180ಕ್ಕೂ ಹೆಚ್ಚು ದೇಶಗಳು ಆ ಒಪ್ಪಂದದೊಳಗಿವೆ. ಬರಹವೋ ಚಿತ್ರವೋ ಹಾಡೋ ಒಂದು ರೂಪಕ್ಕೆ ಬಂದ ಕ್ಷಣವೇ ಹಕ್ಕು ಬಂದಂತೆ. ಆದರೆ ಹಕ್ಕು ಇರುವುದು ಒಂದು, ಅದನ್ನು ತೋರಿಸಿಕೊಡುವುದು ಇನ್ನೊಂದು. ಏನು ನಿಮ್ಮದು, ಯಾವಾಗಿನಿಂದ ನಿಮ್ಮದು, ಎಲ್ಲಿ ಕಳುವಾಗಿದೆ ಎಂಬ ಮೂರು ಪ್ರಶ್ನೆಗೆ ಕಾಗದದ ಮೇಲೆ ಉತ್ತರವಿಲ್ಲದೆ ಹೋದಾಗಲೇ ಗಟ್ಟಿ ಹಕ್ಕಿದ್ದವರೂ ಸೋಲುವುದು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆದರೂ ದೊಡ್ಡ ವೇದಿಕೆಗಳು ತಮ್ಮ ದೂರಿನ ನಮೂನೆಯನ್ನು ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಆ್ಯಕ್ಟ್) ಕಾನೂನಿನ ಅಚ್ಚಿನಲ್ಲೇ ಮಾಡಿಕೊಂಡಿರುವುದರಿಂದ ಇಲ್ಲಿ ಅದನ್ನೇ ಬೆನ್ನೆಲುಬಾಗಿ ಇಟ್ಟುಕೊಂಡಿದೆ. ಬೇರೆ ಕಾನೂನು ಮುಖ್ಯವಾಗುವ ಕಡೆ ಅದನ್ನೂ ಹೇಳಿದೆ.

ಹಂತ 1: ಕಳುವನ್ನು ಇದ್ದಂತೆಯೇ ಹಿಡಿದಿಡಿ

ಮೊದಲ ಕೆಲಸ ಸ್ಕ್ರೀನ್‌ಶಾಟ್. ಅದನ್ನು ಮೊಬೈಲ್ ಆ್ಯಪ್‌ನಿಂದ ತೆಗೆಯಬೇಡಿ, ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆಗೆಯಿರಿ. ಆ್ಯಪ್‌ನಲ್ಲಿ ವಿಳಾಸಪಟ್ಟಿ (ಅಡ್ರೆಸ್ ಬಾರ್) ಕಾಣುವುದಿಲ್ಲ, ವಿಳಾಸ ಕಾಣದ ಸ್ಕ್ರೀನ್‌ಶಾಟ್‌ಗೆ ಅರ್ಧ ಬೆಲೆ. ಪೂರ್ತಿ ವೆಬ್ ವಿಳಾಸ, ಪರದೆಯ ಮೂಲೆಯ ದಿನಾಂಕ ಮತ್ತು ಸಮಯ, ಖಾತೆಯ ಹೆಸರು, ಪೋಸ್ಟ್ ಮಾಡಿದ ದಿನ, ವೀಕ್ಷಣೆಯ ಎಣಿಕೆ ಇವಿಷ್ಟೂ ಒಂದೇ ಚೌಕಟ್ಟಿನಲ್ಲಿ ಬರಲಿ. ‘3 ದಿನಗಳ ಹಿಂದೆ’ ಎಂದಷ್ಟೇ ತೋರಿಸುತ್ತಿದ್ದರೆ ಅದರ ಮೇಲೆ ಮೌಸ್ ಇಡಿ, ಹಲವು ಕಡೆ ಪೂರ್ಣ ದಿನಾಂಕ ಮೂಡುತ್ತದೆ. ಅದೇ ಪುಟವನ್ನು ಪಿಡಿಎಫ್ ಆಗಿಯೂ ಉಳಿಸಿ.

ವಿಡಿಯೊ ಆದರೆ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ವಿಳಾಸಪಟ್ಟಿಯಿಂದ ಶುರು ಮಾಡಿ, ನಿಮ್ಮ ಭಾಗ ಬರುವ ನಿಮಿಷ ಮತ್ತು ಸೆಕೆಂಡ್‌ವರೆಗೆ ನಡುವೆ ಎಲ್ಲೂ ಕತ್ತರಿಸದೆ ಹಿಡಿಯಿರಿ.

ಖಾತೆಯ ಹೆಸರು ನಾಳೆ ಬದಲಾಗಬಹುದು. ಆದ್ದರಿಂದ ಬದಲಾಗದ ಗುರುತನ್ನೂ ಬರೆದಿಟ್ಟುಕೊಳ್ಳಿ: ಯೂಟ್ಯೂಬ್‌ನಲ್ಲಿ ಚಾನೆಲ್ ಐಡಿ, ಬೇರೆಡೆ ಖಾತೆಯ ಅಂಕಿಯ ಐಡಿ, ಪ್ರತಿ ಪೋಸ್ಟ್‌ನ ಸ್ವಂತ ಲಿಂಕ್.

ಆಮೇಲೆ ಮೂರನೆಯವರ ಸಾಕ್ಷಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಆ ಲಿಂಕ್ ಕೊಟ್ಟು ‘ಈ ಪುಟ ಉಳಿಸು’ ಎಂಬ ಆಯ್ಕೆ ಒತ್ತಿದರೆ ದಿನಾಂಕದ ಸಮೇತ ಒಂದು ಪ್ರತಿ ನಿಮ್ಮದಲ್ಲದ ಕಡೆ ದಾಖಲಾಗುತ್ತದೆ. ಲಾಗಿನ್ ಬೇಡುವ ಪುಟಗಳಲ್ಲಿ ಇದು ನಡೆಯುವುದಿಲ್ಲ. ಸೈಟಿನ ಮಾಲೀಕರು ಕೇಳಿಕೊಂಡರೆ ಆ ಪ್ರತಿಯನ್ನು ತೆಗೆಯುವುದೂ ಉಂಟು. ಹಾಗಾಗಿ ಇದೊಂದನ್ನೇ ನೆಚ್ಚಬೇಡಿ.

ಹಂತ 2: ಮೂಲ ನಿಮ್ಮದೇ ಎಂಬುದಕ್ಕೆ ಆಧಾರ

ಫೋಟೊಗೆ ಕ್ಯಾಮೆರಾದ ರಾ ಫೈಲ್ (ಸಂಸ್ಕರಿಸದ ಮೂಲ ಕಡತ), ಅದರ ಹಿಂದೆ ಮುಂದೆ ತೆಗೆದ ಚಿತ್ರಗಳು. ಕದ್ದವರ ಬಳಿ ಒಂದೇ ಚಿತ್ರವಿರುತ್ತದೆ, ತೆಗೆದವರ ಬಳಿ ಅದೇ ಸರಣಿಯ ಹತ್ತು ಇರುತ್ತವೆ. ವಿನ್ಯಾಸಕ್ಕೆ ಪದರಗಳು ಕೂಡಿಸದೆ ಉಳಿದಿರುವ ಮೂಲ ಕಡತ, ಬರಹಕ್ಕೆ ಕರಡುಗಳ ಇತಿಹಾಸ, ಹಾಡಿಗೆ ಪ್ರತಿ ವಾದ್ಯದ ಪ್ರತ್ಯೇಕ ಟ್ರ್ಯಾಕ್. ನಿಮ್ಮ ಮೊದಲ ಪ್ರಕಟಣೆಯ ಲಿಂಕ್ ಮತ್ತು ದಿನಾಂಕವೂ ಜೊತೆಗಿರಲಿ.

ಈ ಕಡತಗಳಿಗೆ ಹ್ಯಾಶ್ ತೆಗೆದಿಡುವುದು ಐದು ನಿಮಿಷದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಎಸ್‌ಎಚ್‌ಎ-256 ಎಂಬ ವಿಧಾನಕ್ಕೆ ಕಡತ ಕೊಟ್ಟರೆ 64 ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಬರುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಸರ್ಟ್‌ಯುಟಿಲ್ ಎಂಬ ಆದೇಶ ಮೊದಲೇ ಇದೆ, ಮ್ಯಾಕ್‌ನಲ್ಲಿ ಟರ್ಮಿನಲ್‌ನಿಂದ ತೆಗೆಯಬಹುದು. ಕಡತದಲ್ಲಿ ಒಂದು ಪಿಕ್ಸೆಲ್ ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿ, ಮತ್ತೆ ಇಳಿಸಿಕೊಂಡು ಹ್ಯಾಶ್ ತೆಗೆದು ನೋಡಿ: ಕಣ್ಣಿಗೆ ಒಂದೇ ಚಿತ್ರ, ಹ್ಯಾಶ್ ಬೇರೆ. ಕಳಿಸುವಾಗ ಆ್ಯಪ್ ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಬರೆದಿರುತ್ತದೆ, ತೆಗೆದ ದಿನ ಮತ್ತು ಕ್ಯಾಮೆರಾದ ವಿವರ ಹೊತ್ತ ಮೆಟಾಡೇಟಾವನ್ನೂ ಕಳಚಿರುತ್ತದೆ. ವಕೀಲರಿಗೆ ಮೂಲ ಕಡತ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ.

ಹ್ಯಾಶ್‌ನಿಂದ ಏನು ಸಿದ್ಧವಾಗುತ್ತದೆ, ಏನು ಆಗುವುದಿಲ್ಲ ಎಂಬುದು ಗೊತ್ತಿರಲಿ. ಆ ದಿನದಿಂದ ಕಡತ ಬದಲಾಗಿಲ್ಲ ಎಂಬುದು ಸಿದ್ಧವಾಗುತ್ತದೆ. ಅದನ್ನು ಮಾಡಿದವರು ನೀವೇ ಎಂಬುದು ಸಿದ್ಧವಾಗುವುದಿಲ್ಲ, ಅದಕ್ಕೆ ಕರಡು ಮತ್ತು ರಾ ಫೈಲ್‌ಗಳೇ ಬೇಕು. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕು, ಆ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ. ಕಳುವಿನ ಪುಟವನ್ನು ಹಿಡಿದಿಟ್ಟ ದಿನವೇ ಹ್ಯಾಶ್ ಬರೆದುಕೊಂಡವರಿಗೆ ಆಗ ಪರದಾಟವಿಲ್ಲ.

ಹಂತ 3: ಹಕ್ಕು ನಿಜವಾಗಿ ನಿಮ್ಮ ಕೈಯಲ್ಲಿದೆಯೇ

ಇದು ಅಹಿತಕರ ಪ್ರಶ್ನೆ. ಮಾಡಿದವರೇ ಒಡೆಯರು ಎಂಬುದು ಸಾಮಾನ್ಯ ನಿಯಮವಾದರೂ ಸಂಬಳಕ್ಕೆ ಕೆಲಸದ ಭಾಗವಾಗಿ ಮಾಡಿದ್ದು ಬಹುತೇಕ ದೇಶಗಳಲ್ಲಿ ಕೆಲಸ ಕೊಟ್ಟವರದ್ದೇ ಆಗುತ್ತದೆ, ಇಲ್ಲವೇ ಬಳಸುವ ಹಕ್ಕು ಅವರಿಗೆ ಹೋಗುತ್ತದೆ. ಸ್ವತಂತ್ರವಾಗಿ ಮಾಡಿಕೊಟ್ಟಿದ್ದರೆ ಒಪ್ಪಂದದ ಮಾತೇ ಮಾತು. ಭಾರತದ 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್‌ನಲ್ಲಿ ಫೋಟೊಗ್ರಾಫರ್‌ಗಳು ಎಡವುವ ಒಂದು ಸಾಲಿದೆ: ಬೇರೆಯವರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯರು, ಒಪ್ಪಂದದಲ್ಲಿ ಬೇರೆ ಹೇಳದಿದ್ದರೆ, ತೆಗೆಸಿದವರು. ಲೇಖನಕ್ಕೆ ಇದು ಅನ್ವಯಿಸುವುದಿಲ್ಲ. ಮದುವೆಯ ಫೋಟೊ ತೆಗೆದುಕೊಟ್ಟವರು ಅದೇ ಫೋಟೊಗಾಗಿ ದೂರು ಕೊಡುವ ಮೊದಲು ಒಪ್ಪಂದವನ್ನು ಮತ್ತೊಮ್ಮೆ ಓದಬೇಕು.

ಹಕ್ಕು ಬರೆದುಕೊಟ್ಟಿದ್ದರೆ ಅವಧಿ ನೋಡಿ. ಭಾರತದ ಕಾನೂನಿನಲ್ಲಿ ಹಸ್ತಾಂತರ ಪತ್ರ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಕಳೆದುಹೋಯಿತೆಂದು ಕೈಬಿಟ್ಟ ಹಕ್ಕು ಹೀಗೆ ಮರಳಿ ಬಂದಿರಬಹುದು. ಸಂಗೀತದಲ್ಲಿ ರಾಗಸಂಯೋಜನೆ, ಸಾಹಿತ್ಯ ಮತ್ತು ಧ್ವನಿಮುದ್ರಣ ಮೂರೂ ಬೇರೆ ಬೇರೆ ಹಕ್ಕುಗಳು. ನಿಮ್ಮದು ಯಾವುದು ಎಂದು ನೋಟಿಸ್‌ನಲ್ಲಿ ಅದೇ ಹೆಸರು ಹಿಡಿದು ಬರೆಯಿರಿ.

ಹಂತ 4: ಅವರು ಮಾಡಿದ್ದು ಉಲ್ಲಂಘನೆಯೇ

ವಿಚಾರಕ್ಕೆ ಕಾಪಿರೈಟ್ ಇಲ್ಲ, ವಿಚಾರವನ್ನು ಹೇಳಿದ ರೀತಿಗೆ ಇದೆ. ನಿಮ್ಮ ವಿಷಯವನ್ನೇ ಇನ್ನೊಬ್ಬರು ತಮ್ಮ ಮಾತಿನಲ್ಲಿ ಬರೆದರೆ ನೋವಾಗಬಹುದು, ನೋಟಿಸ್ ಕೊಡಲಾಗದು. ಅಂಕಿಅಂಶಕ್ಕೂ ಇದೇ ಮಾತು.

ವಿಮರ್ಶೆ, ವರದಿ, ಅಧ್ಯಯನಕ್ಕಾಗಿ ಸ್ವಲ್ಪ ಎತ್ತಿ ಬಳಸಿದ್ದರೆ ನಿಧಾನಿಸಿ. ಅನುಮತಿಯಿಲ್ಲದ ಬಳಕೆಯನ್ನೂ ಕೆಲವೊಮ್ಮೆ ಒಪ್ಪುವ ಅಮೆರಿಕದ ಫೇರ್ ಯೂಸ್‌ ನಿಯಮದಲ್ಲಿ ನ್ಯಾಯಾಲಯ ನಾಲ್ಕು ಅಂಶ ತೂಗುತ್ತದೆ: ಬಳಕೆಯ ಉದ್ದೇಶ, ಮೂಲಕೃತಿಯ ಸ್ವರೂಪ, ಎತ್ತಿದ ಪ್ರಮಾಣ, ಮೂಲದ ಮಾರುಕಟ್ಟೆಗೆ ಬಿದ್ದ ಪೆಟ್ಟು. ಭಾರತದಲ್ಲಿ ಹಾಗಲ್ಲ, 52ನೇ ಸೆಕ್ಷನ್ ಪಟ್ಟಿ ಮಾಡಿದ ಉದ್ದೇಶಗಳಿಗೆ ಮಾತ್ರ ವಿನಾಯಿತಿ. ‘ಹತ್ತು ಸೆಕೆಂಡಿನೊಳಗೆ ಯಾವ ಹಾಡು ಬಳಸಿದರೂ ಪರವಾಗಿಲ್ಲ’ ಎಂಬ ನಿಯಮ ಎರಡೂ ಕಾನೂನಿನಲ್ಲಿ ಇಲ್ಲ. ‘ಕೃಪೆ: ಅಂತರ್ಜಾಲ’ ಎಂದು ಕೆಳಗೆ ಬರೆದದ್ದೂ ಅನುಮತಿಯಲ್ಲ. ಹೆಸರು ಹಾಕುವುದು ಸೌಜನ್ಯ, ಪರವಾನಗಿ ಬೇರೆ ವಿಷಯ.

ನೀವೇ ಹಿಂದೊಮ್ಮೆ ಅನುಮತಿ ಕೊಟ್ಟಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹಾಕಿದ ಕೃತಿಯನ್ನು ಅದರ ಷರತ್ತು ಪಾಲಿಸಿ ಬಳಸುತ್ತಿರುವವರಿಂದ ಆ ಅನುಮತಿಯನ್ನು ವಾಪಸು ಪಡೆಯಲಾಗದು. ಹೆಸರು ಹಾಕದೆ ಷರತ್ತು ಮುರಿದಿದ್ದರೆ ಪರವಾನಗಿ ತಾನೇ ರದ್ದಾಗುತ್ತದೆ. ಆದರೆ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನದೊಳಗೆ ತಿದ್ದಿಕೊಂಡರೆ ಮತ್ತೆ ಜೀವ ಪಡೆಯುತ್ತದೆ.

ಕೊನೆಗೆ ಸರಿಯಾದ ಬಾಗಿಲು. ಬ್ರಾಂಡ್ ಹೆಸರು, ಲೋಗೊ ಬಳಸಿ ಜನರನ್ನು ಮೋಸಗೊಳಿಸಿದರೆ ಅದು ಟ್ರೇಡ್‌ಮಾರ್ಕ್ ದೂರು. ನಿಮ್ಮ ಮುಖವಿರುವ, ಆದರೆ ಬೇರೆಯವರು ತೆಗೆದ ಚಿತ್ರವಾದರೆ ಖಾಸಗಿತನದ ದೂರು. ನಿಮ್ಮ ಬ್ರಾಂಡ್ ಹೋಲುವ ಡೊಮೇನ್ ಹೆಸರನ್ನು ಕೆಟ್ಟ ಉದ್ದೇಶದಿಂದ ಹಿಡಿದಿಟ್ಟಿದ್ದರೆ 1999ರಿಂದ ಇರುವ ಯುಡಿಆರ್‌ಪಿ ಎಂಬ ಡೊಮೇನ್ ವಿವಾದ ಪರಿಹಾರ ವಿಧಾನದಲ್ಲಿ ಹೋಗಬೇಕು, ಅಲ್ಲಿ ಹೆಸರು ವರ್ಗಾವಣೆಯಾಗುತ್ತದೆ ಅಥವಾ ರದ್ದಾಗುತ್ತದೆ, ಪರಿಹಾರಧನ ಸಿಗುವುದಿಲ್ಲ. ತಪ್ಪು ನಮೂನೆಯಲ್ಲಿ ಕೊಟ್ಟ ಸರಿಯಾದ ದೂರು ತಿರಸ್ಕಾರವಾಗುತ್ತದೆ, ನಿಮ್ಮ ವಾರಗಳು ವ್ಯರ್ಥ.

ಹಂತ 5: ಯಾರಿಗೆ ಕಳಿಸಬೇಕು

ಸಾಮಾಜಿಕ ಜಾಲತಾಣವಾದರೆ ಅವರದೇ ಕಾಪಿರೈಟ್ ನಮೂನೆ ಇರುತ್ತದೆ. ಪೋಸ್ಟ್‌ನ ಕೆಳಗಿನ ‘ರಿಪೋರ್ಟ್’ ಗುಂಡಿಯ ಸಾಮಾನ್ಯ ದೂರು ಅದಲ್ಲ. ಕದ್ದವರ ಸ್ವಂತ ವೆಬ್‌ಸೈಟಾದರೆ, ಅದನ್ನು ತನ್ನ ಸರ್ವರ್‌ನಲ್ಲಿ ಇಟ್ಟಿರುವ ಹೋಸ್ಟಿಂಗ್ ಕಂಪನಿಯನ್ನು ಹುಡುಕಬೇಕು. ಡೊಮೇನ್ ದಾಖಲೆಯಲ್ಲಿ ಮಾಲೀಕರ ಹೆಸರು ಈಗ ಬಹುತೇಕ ಮುಚ್ಚಿರುತ್ತದೆ, ಆದರೆ ಸೈಟಿನ ಐಪಿ ವಿಳಾಸ ಯಾವ ಕಂಪನಿಯದ್ದು ಎಂದು ನೋಡಬಹುದು. ಅಲ್ಲಿ ಕ್ಲೌಡ್‌ಫ್ಲೇರ್ ಎಂದು ಬಂದರೆ ಅದು ಹೆಚ್ಚಾಗಿ ನಿಜವಾದ ಹೋಸ್ಟ್ ಅಲ್ಲ, ಮುಂದೆ ನಿಂತ ಪರದೆ. ಅವರಿಗೆ ದೂರು ಕೊಟ್ಟರೆ ಅದನ್ನು ಹಿಂದಿನ ಹೋಸ್ಟ್‌ಗೆ ದಾಟಿಸುತ್ತಾರೆ. ಅಮೆರಿಕದ ಕಾಪಿರೈಟ್ ಕಚೇರಿಯ ತಾಣದಲ್ಲಿ ಕಂಪನಿಗಳ ನೋಟಿಸ್ ಸ್ವೀಕರಿಸುವ ಪ್ರತಿನಿಧಿಗಳ ಪಟ್ಟಿ ಹುಡುಕಲು ಸಿಗುತ್ತದೆ.

ಯಾರೂ ಉತ್ತರಿಸದಿದ್ದರೆ ಹುಡುಕುತಾಣಕ್ಕೆ ಬರೆಯಿರಿ. ಪುಟ ಅಲ್ಲೇ ಇದ್ದರೂ ಹುಡುಕಾಟದಲ್ಲಿ ಕಾಣದಂತಾದರೆ ಕದ್ದವರ ಲಾಭದ ಬೇರು ಕತ್ತರಿಸಿದಂತೆ. ಗೂಗಲ್ ಇಂಥ ನೋಟಿಸ್‌ಗಳ ಪ್ರತಿಯನ್ನು ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಕಳಿಸುತ್ತದೆ ಎಂಬುದನ್ನು ನೆನಪಿಟ್ಟು ನಿಮ್ಮ ಖಾಸಗಿ ಸಂಗತಿಗಳನ್ನು ವಿವರಣೆಯ ಪೆಟ್ಟಿಗೆಯಲ್ಲಿ ಬರೆಯಬೇಡಿ.

ಹಂತ 6: ನೋಟಿಸ್ ಬರೆಯುವುದು

ಡಿಎಂಸಿಎ ನೋಟಿಸ್‌ನಲ್ಲಿ ಆರು ಭಾಗ: ನಿಮ್ಮ ಸಹಿ, ಮೂಲಕೃತಿಯ ಗುರುತು, ಕಳುವಾದ ಪ್ರತಿ ಇರುವ ಜಾಗ, ನಿಮ್ಮ ಸಂಪರ್ಕ, ಪ್ರಾಮಾಣಿಕ ನಂಬಿಕೆಯ ಹೇಳಿಕೆ, ನಿಖರತೆ ಮತ್ತು ಅಧಿಕಾರದ ಪ್ರಮಾಣ. ಸಹಿಯ ಜಾಗದಲ್ಲಿ ಪೂರ್ತಿ ಹೆಸರನ್ನು ಟೈಪ್ ಮಾಡಿದರೂ ನಡೆಯುತ್ತದೆ. ಅಡ್ಡಹೆಸರು, ಪುಟದ ಹೆಸರು ನಡೆಯುವುದಿಲ್ಲ. ಒಂದು ಫೋಟೊಗೆ ಸಾರಾಂಶ ಹೀಗಿರಬೇಕು:

‘ಮೂಲಕೃತಿ: ಮಳೆಯಲ್ಲಿ ಕೊಡೆ ಹಿಡಿದು ಸೇತುವೆ ದಾಟುತ್ತಿರುವ ಹುಡುಗಿಯ ಬಣ್ಣದ ಛಾಯಾಚಿತ್ರ. ನಾನೇ ತೆಗೆದದ್ದು. ನನ್ನ ತಾಣದಲ್ಲಿ ಮೊದಲು ಪ್ರಕಟವಾದ ಲಿಂಕ್ ಮತ್ತು ದಿನಾಂಕ ಇದು. ಉಲ್ಲಂಘನೆ: ಕೆಳಗಿನ ಎರಡು ಲಿಂಕ್‌ಗಳಲ್ಲಿ ಇದೇ ಚಿತ್ರವಿದೆ. ಮೊದಲನೆಯದರಲ್ಲಿ ಎಡಬದಿ ಕತ್ತರಿಸಿ ನನ್ನ ಹೆಸರು ತೆಗೆಯಲಾಗಿದೆ, ಎರಡನೆಯದರಲ್ಲಿ ಕಪ್ಪುಬಿಳುಪು ಮಾಡಲಾಗಿದೆ. ಈ ಬಳಕೆಗೆ ನಾನಾಗಲಿ, ನನ್ನ ಪ್ರತಿನಿಧಿಯಾಗಲಿ, ಕಾನೂನಾಗಲಿ ಅನುಮತಿ ಕೊಟ್ಟಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ. ಈ ನೋಟಿಸ್‌ನ ಮಾಹಿತಿ ನಿಖರವಾಗಿದೆ. ಈ ಹಕ್ಕಿನ ಒಡೆಯ ನಾನೇ ಎಂದು, ಸುಳ್ಳಾದರೆ ಶಿಕ್ಷೆಗೆ ಒಳಪಟ್ಟು, ಪ್ರಮಾಣ ಮಾಡುತ್ತೇನೆ.’

ಚಿತ್ರದ ಒಳಗೆ ಏನಿದೆ ಎಂದು ಬರೆದದ್ದನ್ನು ಗಮನಿಸಿ. ‘ನನ್ನ ಎಲ್ಲ ಫೋಟೊಗಳು’ ಎಂದು ಬರೆದರೆ ಎದುರಿನ ಸಿಬ್ಬಂದಿಗೆ ಯಾವುದನ್ನು ಯಾವುದರ ಜೊತೆ ಹೋಲಿಸಬೇಕೆಂದೇ ತಿಳಿಯದು. ಲಿಂಕ್ ಪ್ರೊಫೈಲ್‌ನದ್ದಾಗಿದ್ದರೂ ಇದೇ ಗತಿ, ಪ್ರತಿ ಪೋಸ್ಟ್‌ನದ್ದೇ ಬೇಕು. ಕತ್ತರಿಸಿದ್ದನ್ನು, ಬಣ್ಣ ಬದಲಿಸಿದ್ದನ್ನು ನೀವೇ ಎತ್ತಿ ಹೇಳಿ, ಇಲ್ಲದಿದ್ದರೆ ‘ಇದು ಬೇರೆ ಚಿತ್ರ’ ಎಂಬ ಉತ್ತರ ಬರುತ್ತದೆ. ಸಿಟ್ಟು, ಬೈಗುಳ, ‘ಪೊಲೀಸರಿಗೆ ಕೊಡುತ್ತೇನೆ’ ಇವಕ್ಕೆ ಇಲ್ಲಿ ಜಾಗವಿಲ್ಲ. ಭಾರತದಲ್ಲಿ ಆಧಾರವಿಲ್ಲದ ಬೆದರಿಕೆಗೆ ಗುರಿಯಾದವರು ಕಾಪಿರೈಟ್ ಕಾಯಿದೆಯ 60ನೇ ಸೆಕ್ಷನ್‌ನಡಿ ನಿಮ್ಮ ಮೇಲೆಯೇ ದಾವೆ ಹೂಡಬಹುದು.

ಪ್ರಮಾಣದ ಆ ಕೊನೆಯ ಸಾಲು ಅಲಂಕಾರಕ್ಕೆ ಇಟ್ಟದ್ದಲ್ಲ. ಗೊತ್ತಿದ್ದೂ ಸುಳ್ಳು ನೋಟಿಸ್ ಕೊಟ್ಟರೆ ನಷ್ಟ ಕಟ್ಟಿಕೊಡಬೇಕಾಗುತ್ತದೆ. ನೋಟಿಸ್ ಕೊಡುವ ಮೊದಲು ಎದುರಿನವರ ಬಳಕೆ ಫೇರ್ ಯೂಸ್ ಆಗಿರಬಹುದೇ ಎಂದು ಯೋಚಿಸಲೇಬೇಕೆಂದು ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2015ರ ಲೆನ್ಜ್ ಪ್ರಕರಣದಲ್ಲಿ ಹೇಳಿದೆ. ಟೀಕಿಸಿದವರ ಬಾಯಿ ಮುಚ್ಚಿಸಲು ಕಾಪಿರೈಟ್ ನೋಟಿಸ್ ಬಳಸುವುದನ್ನು ನಾವು ಕಟುವಾಗಿ ವಿರೋಧಿಸುತ್ತೇವೆ. ಅದು ನಿಜವಾಗಿ ಕಳಕೊಂಡವರ ನೋಟಿಸ್‌ನ ಬೆಲೆಯನ್ನೂ ಇಳಿಸುತ್ತದೆ.

ಹಂತ 7: ಕಳಿಸಿದ ಮೇಲಿನ ಗಡಿಯಾರ

ಕೃತಿ ಕೆಳಗಿಳಿದ ಮೇಲೆ ಎದುರಿನವರು ಕೌಂಟರ್ ನೋಟಿಸ್, ಅಂದರೆ ನಿಮ್ಮ ದೂರನ್ನು ಅಲ್ಲಗಳೆಯುವ ಪ್ರತಿನೋಟಿಸ್ ಕೊಡಬಹುದು. ಡಿಎಂಸಿಎಯಲ್ಲಿ ಅದು ಬಂದ 10ರಿಂದ 14 ಕೆಲಸದ ದಿನಗಳೊಳಗೆ ವೇದಿಕೆ ಆ ಕೃತಿಯನ್ನು ಮರಳಿ ಹಾಕುತ್ತದೆ, ನೀವು ಅಷ್ಟರಲ್ಲಿ ನ್ಯಾಯಾಲಯಕ್ಕೆ ಹೋದದ್ದನ್ನು ತೋರಿಸಿದರೆ ಮಾತ್ರ ಹಾಕುವುದಿಲ್ಲ. ಭಾರತದಲ್ಲಿ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಂತೆ, ಸರಿಯಾದ ಲಿಖಿತ ದೂರು ಬಂದ 36 ಗಂಟೆಯೊಳಗೆ ಮಧ್ಯವರ್ತಿ ಸಂಸ್ಥೆ (ಅಂದರೆ ಆ ವೇದಿಕೆ) ಅದು ಕಾಣದಂತೆ ತಡೆಯುವ ಕ್ರಮ ಕೈಗೊಳ್ಳಬೇಕು. ಆದರೆ ಆ ತಡೆ 21 ದಿನದ್ದು. ಅಷ್ಟರಲ್ಲಿ ನ್ಯಾಯಾಲಯದ ಆದೇಶ ತಲುಪದಿದ್ದರೆ ಅವರು ಮತ್ತೆ ತೋರಿಸಬಹುದು. 36 ಗಂಟೆ ಮಾತ್ರ ನೆನಪಿಟ್ಟು 21 ದಿನ ಮರೆಯುವವರು ಬಹಳ. ಆದ್ದರಿಂದ ನೋಟಿಸ್ ಕೊಡುವ ದಿನವೇ ನಿರ್ಧರಿಸಿ: ಎದುರಿನವರು ಪಟ್ಟು ಹಿಡಿದರೆ ನೀವು ಮೊಕದ್ದಮೆಗೆ ಸಿದ್ಧವೇ? ಸಿದ್ಧವಿದ್ದರೆ ವಕೀಲರಿಗೆ ಆ ದಿನವೇ ಕಡತ ತೋರಿಸಿ.

ಯೂಟ್ಯೂಬ್‌ನಲ್ಲಿ ಎರಡನ್ನು ಬೆರೆಸಬೇಡಿ. ಕಂಟೆಂಟ್ ಐಡಿ ಕ್ಲೇಮ್ ಯಂತ್ರ ಹಿಡಿದದ್ದು, ಅದರಲ್ಲಿ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ. ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ಬೀಳುವ ಎಚ್ಚರಿಕೆಯ ಗುರುತು, ಬರುವುದು ಕಾನೂನಿನ ನೋಟಿಸ್‌ನಿಂದ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಅರಿಯದೆ ಬಳಸಿದ ಹೊಸಬರಿಗೆ ಮೊದಲು ಒಂದು ಮೇಲ್ ಬರೆಯುವುದು, ಸಾಕ್ಷ್ಯವೆಲ್ಲ ಕೈಸೇರಿದ ಮೇಲೆ, ಮನುಷ್ಯತ್ವದ ದಾರಿ. ಅದೇ ತಪ್ಪನ್ನು ವ್ಯಾಪಾರವಾಗಿ ಮಾಡುವವರಿಗೆ ನೇರ ನೋಟಿಸ್.

ನಿಮಗೇ ನೋಟಿಸ್ ಬಂದರೆ? ಸಿಟ್ಟಿನಲ್ಲಿ ಅದೇ ವಿಡಿಯೊವನ್ನು ಮತ್ತೆ ಹಾಕಬೇಡಿ. ಪರವಾನಗಿಯ ರಸೀದಿ, ಯಾವ ಯೋಜನೆಯಡಿ ಸಂಗೀತ ಇಳಿಸಿಕೊಂಡಿರಿ ಎಂಬ ದಾಖಲೆ ಹುಡುಕಿ. ಕೌಂಟರ್ ನೋಟಿಸ್ ಕೊಟ್ಟರೆ ನಿಮ್ಮ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತದೆ, ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿದಂತೆಯೂ ಆಗುತ್ತದೆ.

ಎಐ ತಂದ ಹೊಸ ಕಗ್ಗಂಟು

ಎಐ ಉಪಕರಣದಿಂದ ಬಂದ ಚಿತ್ರವನ್ನು ಯಾರೋ ಎತ್ತಿಕೊಂಡರೆ ಮೇಲಿನ ನೋಟಿಸ್ ಕೊಡಬಹುದೇ? ಅಮೆರಿಕದಲ್ಲಿ ಮನುಷ್ಯ ಕರ್ತೃವಿಲ್ಲದ ಕೃತಿಗೆ ಕಾಪಿರೈಟ್ ಇಲ್ಲವೆಂದು ವಾಷಿಂಗ್ಟನ್ ಡಿ.ಸಿ.ಯ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಥೇಲರ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಬ್ರಿಟನ್ನಿನ 1988ರ ಕಾಯಿದೆ ಮತ್ತು ಭಾರತದ ಕಾಯಿದೆ ಎರಡರಲ್ಲೂ ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ ಕರ್ತೃ ಯಾರು ಎಂಬ ಸಾಲಿದೆ, ಆದರೆ ಅವನ್ನು ಬರೆಯುವಾಗ ಇಂದಿನ ಎಐ ಯಾರ ಕಣ್ಣೆದುರೂ ಇರಲಿಲ್ಲ. ಪ್ರಾಯೋಗಿಕ ದಾರಿ ಇದು: ನಿಮ್ಮ ಕೈಕೆಲಸ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುವ ಕರಡುಗಳನ್ನು ಉಳಿಸಿ, ನೋಟಿಸ್‌ನಲ್ಲಿ ಆ ಭಾಗಕ್ಕಷ್ಟೇ ಹಕ್ಕು ಹೇಳಿ. ಎಐ ಮಾಡಿದ್ದನ್ನು ‘ನಾನೇ ಬಿಡಿಸಿದ್ದು’ ಎಂದು ಪ್ರಮಾಣ ಮಾಡಬೇಡಿ.

ನಿಮ್ಮ ಬರಹ, ಚಿತ್ರ ಎಐ ತರಬೇತಿಗೆ ಹೋಗಬಾರದೆಂದಿದ್ದರೆ, ಐರೋಪ್ಯ ಒಕ್ಕೂಟದ 2019ರ ಕಾಪಿರೈಟ್ ನಿರ್ದೇಶನದ 4ನೇ ವಿಧಿ ಹಕ್ಕುದಾರರಿಗೆ ‘ಬೇಡ’ ಎನ್ನಲು ಅವಕಾಶ ಕೊಡುತ್ತದೆ. ಆನ್‌ಲೈನ್ ಕೃತಿಯಾದರೆ ಆ ‘ಬೇಡ’ ಯಂತ್ರಕ್ಕೆ ಓದಲು ಬರುವ ರೂಪದಲ್ಲಿರಬೇಕು. ಸ್ವಂತ ತಾಣವಿದ್ದವರು ರೋಬಾಟ್ಸ್ ಕಡತದಲ್ಲಿ (robots.txt) ಎಐ ಕ್ರಾಲರ್‌ಗಳ, ಅಂದರೆ ಪುಟಗಳನ್ನು ತಾವಾಗಿ ಓದಿ ಸಂಗ್ರಹಿಸುವ ತಂತ್ರಾಂಶಗಳ, ಹೆಸರು ಹಿಡಿದು ತಡೆ ಬರೆಯಿರಿ, ಬಳಕೆಯ ಷರತ್ತುಗಳ ಪುಟದಲ್ಲೂ ಹೇಳಿ. ಈಗಾಗಲೇ ಹೋದದ್ದನ್ನು ಇದು ಮರಳಿ ತರುವುದಿಲ್ಲ, ಪಾಲಿಸದ ಕ್ರಾಲರ್‌ಗಳನ್ನು ತಡೆಯುವುದೂ ಇಲ್ಲ. ಆದರೂ ನಿಮ್ಮ ನಿರಾಕರಣೆಗೆ ದಿನಾಂಕವಿರುವ ದಾಖಲೆಯಾಗುತ್ತದೆ.

ಹಣದ ಮಾತು

ನೋಂದಣಿ ಇಲ್ಲದೆಯೂ ಹಕ್ಕಿದೆ ಎಂದೆವು. ಆದರೆ ಅಮೆರಿಕದಲ್ಲಿ ಕೃತಿಯೊಂದಕ್ಕೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದಾದರೆ 1,50,000 ಡಾಲರ್‌ವರೆಗಿನ ಶಾಸನಬದ್ಧ ಪರಿಹಾರ ಕೇಳಬೇಕಾದರೆ, ಉಲ್ಲಂಘನೆಗೆ ಮೊದಲೇ ಅಥವಾ ಮೊದಲ ಪ್ರಕಟಣೆಯ ಮೂರು ತಿಂಗಳೊಳಗೆ ಅಲ್ಲಿ ನೋಂದಣಿಯಾಗಿರಬೇಕು. ಇಲ್ಲದಿದ್ದರೆ ನಿಜವಾದ ನಷ್ಟವನ್ನು, ಎದುರಿನವರು ಮಾಡಿದ ಲಾಭವನ್ನು ನೀವೇ ಲೆಕ್ಕ ಹಾಕಿ ತೋರಿಸಬೇಕು. ಸಣ್ಣ ಮೊತ್ತಕ್ಕೆ 2022ರ ಜೂನ್‌ನಿಂದ ಅಲ್ಲಿ ಕಾಪಿರೈಟ್ ಕ್ಲೇಮ್ಸ್ ಬೋರ್ಡ್ ಇದೆ, ಮಿತಿ 30,000 ಡಾಲರ್, ಆದರೆ ಎದುರಿನವರು 60 ದಿನದೊಳಗೆ ಬೇಡವೆಂದರೆ ಅಲ್ಲಿಗೆ ನಿಂತಿತು.

ಹೆಚ್ಚಿನ ವಿವಾದಗಳಿಗೆ ಇದಕ್ಕಿಂತ ಸರಳ ದಾರಿ ರಾಜಿ. ಎದುರಿನವರು ಹಣ ಕೊಡಲು ಮುಂದೆ ಬಂದರೆ ಫೋನಿನಲ್ಲಿ ಮುಗಿಸಬೇಡಿ. ಯಾವ ಕೃತಿ, ಯಾವ ಯಾವ ಲಿಂಕ್, ಎಂದಿನಿಂದ ಎಂದಿನವರೆಗಿನ ಬಳಕೆ, ಮೊತ್ತ ಎಷ್ಟು, ಎಷ್ಟು ದಿನದೊಳಗೆ ಎಂದು ಬರೆಸಿಕೊಳ್ಳಿ. ‘ಹಿಂದಿನ ಬಳಕೆಗೆ ಮಾತ್ರ’ ಎಂಬ ಮೂರು ಪದ ಅದರಲ್ಲಿ ಇರಲೇಬೇಕು. ಅವಿಲ್ಲದೆ ಬಂದ ಹಣವನ್ನು ಮುಂದೆಯೂ ಬಳಸಲು ಪಡೆದ ಪರವಾನಗಿ ಎಂದು ವಾದಿಸುವವರಿದ್ದಾರೆ. ಸಹಿಯಾದ ಮೇಲೂ ತಿಂಗಳಿಗೊಮ್ಮೆ ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಅದೇ ಚಿತ್ರ ಹಾಕಿ ನೋಡಿ, ಹೊಸ ಲಿಂಕ್ ಕಂಡರೆ ಮತ್ತೆ ಹಂತ 1.